ಗುಗ್ಗಳದ ದಿನ ನನ್ನ ಮೈಮೇಲೆ ಬಂದದ್ದು

ದೊಡ್ಡ ಉಸಿರು ಎಳೆದುಕೊಂಡರೆ ಎದೆ ತೆರೆಯುತ್ತದೆ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಮಡಚಿಟ್ಟ ಚೀಲಕ್ಕೆ ಗಾಳಿ ಊದಿದರೆ ಉಬ್ಬುತ್ತದೆ. ಎದೆಯೂ ಒಂದು ಚೀಲವೇ ಅಲ್ಲವೇ? ಇಷ್ಟು ಸರಳವಾದ ಮಾತು ಡಾಕ್ಟರುಗಳಿಗೆ ಏಕೆ ಹೊಳೆಯುವುದಿಲ್ಲ ಎಂದು ನನಗೆ ಅವರ ಬಗ್ಗೆ ಮರುಕವೂ ಇತ್ತು.

ನಾನು ಗುಡಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಬಾಜೂಕ್ಕೆ ಖಾರ ಕುಟ್ಟುವ ಮಶೀನೂ ಇದೆ. ಚಿಕ್ಕಂದಿನಿಂದ ನನಗೆ ದಮ್ಮು, ಅಂದರೆ ಆಸ್ತಮಾ. ಹಿಟ್ಟಿನ ಧೂಳು, ಖಾರದ ಘಾಟು, ದಮ್ಮು, ಈ ಮೂರನ್ನೂ ಒಂದೇ ಮನುಷ್ಯನಿಗೆ ಕೊಟ್ಟ ದೇವರು ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಬೇಕಾಗಿತ್ತು. ಆ ದಿನ ಅವನ ಹತ್ತಿರ ದಾಸ್ತಾನು ಇರಲಿಲ್ಲವೆಂದು ಕಾಣುತ್ತದೆ.

ಗಿರಣಿ ಇದ್ದರೂ ನಮ್ಮದು ಮೂಲತಃ ಪುರವಂತರ ಮನೆತನ. ವೀರಭದ್ರನ ಒಕ್ಕಲಿನವರ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗಳ ಹೊರಡಿಸುತ್ತಾರೆ. ಹೊಸ ಕೊಡದಲ್ಲಿ ಬೆಂಕಿ ಉರಿಸಿ, ಲೋಬಾನ ಹಾಕಿ, ಮೆರವಣಿಗೆಯಲ್ಲಿ ಗುಡಿಗೆ ಒಯ್ಯುತ್ತಾರೆ. ಮುಂದೆ ಸಮ್ಮಾಳದ ಬಡಿತಕ್ಕೆ ಹೆಜ್ಜೆ ಹಾಕುತ್ತ, ಕತ್ತಿ ಹಿಡಿದು, ದಕ್ಷನ ಯಜ್ಞ ಕೆಡಿಸಿದ ವೀರಭದ್ರನ ಕತೆಯನ್ನು ಗುಡುಗಿನಂತೆ ಹೇಳುವವನೇ ಪುರವಂತ. ಅವನು ಹೇಳುವುದಕ್ಕೆ ಒಡಪು ಎನ್ನುತ್ತಾರೆ. ನಮ್ಮ ಮನೆಯ ಮೊದಲ ಒಡಪನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ನಡುವೆ ಉಸಿರು ತೆಗೆದುಕೊಂಡರೆ ಪಾಪವೇನೂ ಬರುವುದಿಲ್ಲ, ಮರ್ಯಾದೆ ಹೋಗುತ್ತದೆ. ನಮ್ಮ ಕಡೆ ಪಾಪಕ್ಕಿಂತ ಮರ್ಯಾದೆಗೇ ಹೆಚ್ಚು ಹೆದರುತ್ತಾರೆ.

ಅಪ್ಪ ಆ ಒಡಪನ್ನು ಹೇಳಿದರೆ ಸಂತೆಯ ಆ ತುದಿಗೆ ಕೇಳಿಸುತ್ತಿತ್ತು. ನಾನು ಅವನ ತೊಡೆಯ ಮಗ್ಗುಲಲ್ಲಿ ಕುಳಿತೇ ಅಕ್ಷರ ಬಿಡದೆ ಕಲಿತಿದ್ದೆ. ಅಣ್ಣ ಚನ್ನಬಸಪ್ಪನಿಗೆ ಎಮ್ಮೆಯಂಥ ಗಂಟಲಿತ್ತು, ಆದರೆ ನಾಲ್ಕು ಸಾಲು ನೆನಪಿರುತ್ತಿರಲಿಲ್ಲ. ನನಗೆ ಎಲ್ಲ ನೆನಪಿತ್ತು, ಅರ್ಧ ಹೇಳುವಷ್ಟರಲ್ಲಿ ಎದೆ ಕುಂಯ್ ಎನ್ನುತ್ತಿತ್ತು. ಅಪ್ಪ ಒಂದು ದಿನ ನನ್ನ ಬೆನ್ನು ಸವರಿ, "ನಿನಗ ಮಾತು ಅದಾವು, ಉಸಿರಿಲ್ಲ. ಅವಗ ಉಸಿರೈತಿ, ಮಾತಿಲ್ಲ. ನಿಮ್ಮಿಬ್ಬರನ್ನೂ ಕೂಡಿಸಿ ಒಬ್ಬನ್ನ ಹಡದಿದ್ರ ಚಲೋ ಆಗತಿತ್ತು ನೋಡು" ಎಂದಿದ್ದ. ಅವನು ನಗುತ್ತಲೇ ಹೇಳಿದ. ನಾನು ಮಾತ್ರ ಇಂದಿಗೂ ಅದಕ್ಕೆ ನಕ್ಕಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಈ ವರ್ಷ ಅಣ್ಣನ ಮಗಳು ನೀಲಾಳ ಮದುವೆ ಕೂಡಿಬಂತು. ಅಪ್ಪನಿಲ್ಲದ ಮೊದಲ ಗುಗ್ಗಳ. ಒಡಪು ಯಾರು ಹೇಳಬೇಕು? ಅಣ್ಣ ಶಲವಡಿಯಿಂದ ಬೇರೆ ಪುರವಂತರನ್ನು ಕರೆಸುವ ಮಾತು ತೆಗೆದ. ನನಗೆ ಎದೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಅವರು ಹೇಳುವ ಒಡಪು ಬೇರೆ, ನಮ್ಮದು ಬೇರೆ. ಈ ಸಲ ನಾನು ಹೇಳದಿದ್ದರೆ ಅಪ್ಪನ ಒಡಪು ನನ್ನ ಹೊಟ್ಟೆಯಲ್ಲೇ ಉಳಿದು, ಒಂದು ದಿನ ನನ್ನ ಜೊತೆ ಮಣ್ಣಿಗೆ ಹೋಗುತ್ತದೆ.

"ಅಣ್ಣಾ, ನಾನು ಹೇಳ್ತೀನಿ" ಎಂದೆ.

"ಲೇ ಮಲ್ಲ್ಯಾ, ನಿನಗ ಅಟ್ಟ ಏರಿ ಇಳದ್ರ ದಮ್ಮು ಬರತೈತಿ!"

"ಇನ್ನ ಬರಂಗಿಲ್ಲ. ಅದಕ್ಕ ಉಪಾಯ ಸಿಕ್ಕೈತಿ."

ಉಪಾಯ ಸಿಕ್ಕದ್ದು ನಮ್ಮೂರ ಶಾಲೆಯ ಬಯಲಿನಲ್ಲಿ. ಯಾರೋ ಬಿಳಿ ಬಟ್ಟೆಯ ಗುರೂಜಿ ಬಂದು ಮುಂಜಾನೆ ಉಸಿರಾಟದ ಶಿಬಿರ ನಡೆಸುತ್ತಿದ್ದರು. ಬೆಂಗಳೂರು ಕಡೆಯ ಸಣ್ಣ ದನಿಯ ಮನುಷ್ಯ. "ಹೊಟ್ಟೆಯಿಂದ ದೀರ್ಘವಾಗಿ ಉಸಿರು ತಗೊಳ್ಳಿ. ಒಳಗಿನ ಒಂದೊಂದು ನಾಳವೂ ಮೊಗ್ಗು ಬಿರಿದ ಹಾಗೆ ಬಿರಿಯುತ್ತೆ" ಎಂದರು. ನನ್ನ ಎಡಬಲದವರ ನಾಳಗಳು ಬಿರಿದೇ ಇರಬೇಕು, ಮುಖದಲ್ಲಿ ಕಳೆ ಬಂದಿತ್ತು. ನನಗೆ ಕೆಮ್ಮು ಬಂತು. ಎಂಥ ಕೆಮ್ಮು! ಮುಂದಿನ ಸಾಲಿನ ಹೆಂಗಸರು ಚಾಪೆ ಎತ್ತಿಕೊಂಡು ದೂರ ಹೋಗಿ ಕುಳಿತರು.

ಗುರೂಜಿ ಸಂತೋಷಪಟ್ಟರು. "ನೋಡಿ, ಇವರ ಕಲ್ಮಶ ಹೊರಗೆ ಬರ್ತಿದೆ!"

ಅಲ್ಲಿಂದ ನನಗೆ ಹೊಸ ಶಾಸ್ತ್ರವೇ ಸಿಕ್ಕಿತು. ಕೆಮ್ಮು ಹೆಚ್ಚಿದರೆ ಗುಣವಾಗುತ್ತಿದೆ ಎಂದರ್ಥ. ಎದೆ ಬಿಗಿದರೆ ಕಲ್ಮಶ ಬಾಗಿಲಿಗೆ ಬಂದು ನಿಂತಿದೆ ಎಂದರ್ಥ. ರಾತ್ರಿ ನಿದ್ದೆ ಬಾರದಿದ್ದರೆ ಪ್ರಾಣಶಕ್ತಿ ಜಾಗೃತವಾಗಿದೆ ಎಂದರ್ಥ. ಸತ್ತೇ ಹೋದರೆ ಮೋಕ್ಷ! ಇಂಥ ಶಾಸ್ತ್ರದಲ್ಲಿ ಸೋಲುವುದಕ್ಕೆ ಜಾಗವೇ ಇಲ್ಲ.

ನಾನು ಪಂಪು ಬಿಟ್ಟೆ. ಬಾಯಿಗಿಟ್ಟು, ಒತ್ತಿ, ಔಷಧಿ ಎಳೆದುಕೊಳ್ಳುವ ಡಬ್ಬಿಗೆ ನಮ್ಮಲ್ಲಿ ಪಂಪು ಎನ್ನುತ್ತಾರೆ. ಡಾಕ್ಟರು ದಿನಾ ತೆಗೆದುಕೊಳ್ಳಲು ಹೇಳಿದ್ದೊಂದು, ದಮ್ಮು ಬಂದಾಗ ತೆಗೆದುಕೊಳ್ಳಲು ಹೇಳಿದ್ದೊಂದು. ಎರಡನ್ನೂ ಗೂಡಿನಲ್ಲಿಟ್ಟೆ. ನನ್ನ ಹೆಂಡತಿ ಶಾಂತಾ ಅದನ್ನು ನೋಡಿದಳು.

"ಅವನ್ನ ಯಾಕ ಅಲ್ಲಿಟ್ಟೀರಿ?"

"ಇನ್ನ ಅವು ಬೇಕಾಗಂಗಿಲ್ಲ. ಉಸಿರಿಗೆ ಉಸಿರ ಔಷಧಿ."

"ಹಂಗಂದ್ರ ಹಸಿವಿಗೆ ಹಸಿವ ಊಟ ಏನ್ರಿ? ಇವತ್ತ ರೊಟ್ಟಿ ಬಡಿಯೂದಿಲ್ಲ ಬಿಡ್ರಿ" ಎಂದು ಹೊರಟು ಹೋದಳು. ಅಜ್ಞಾನಿಗಳೊಡನೆ ವಾದ ಮಾಡಬಾರದು ಎಂದು ನಾನು ಸುಮ್ಮನಾದೆ. ರೊಟ್ಟಿ ಬೇಕಾಗಿತ್ತು.

ಖಾರ ಕುಟ್ಟಿಸುವ ಕಾಲ ಬೇರೆ. ದಿನವೆಲ್ಲ ಮಶೀನಿನ ಮುಂದೆ ಕೆಂಪಾಗಿ ಕೂತು, ಸಂಜೆ ಹಿತ್ತಲಿನ ಹೊಟ್ಟಿನ ಬಣವೆಯ ಹಿಂದೆ ನಿಂತು ತಾಲೀಮು ನಡೆಸುತ್ತಿದ್ದೆ. ಧೂಳು, ಖಾರ ಸಾಲದೆಂದು ಹೊಟ್ಟನ್ನೂ ಸೇರಿಸಿಕೊಂಡ ನನ್ನ ಜಾಣತನವನ್ನು ಗಮನಿಸಬೇಕು. ದೀರ್ಘವಾಗಿ ಉಸಿರು ಎಳೆಯುವುದು, ಒಡಪು ಶುರು ಮಾಡುವುದು. ಕತೆಯಲ್ಲಿ ಶಿವನಿಗೆ ಸಿಟ್ಟು ಬಂದು ಮೂರನೆಯ ಕಣ್ಣು ತೆರೆಯಬೇಕು. ಶಿವ ಕಣ್ಣು ತೆರೆಯುವ ಮೊದಲೇ ನನ್ನ ಎರಡೂ ಕಣ್ಣು ಮುಚ್ಚಿಕೊಂಡು ಬರುತ್ತಿದ್ದವು. ಆಗ ಮತ್ತೆ ದೀರ್ಘ ಉಸಿರು. ಅದರಿಂದ ಎದೆ ಇನ್ನಷ್ಟು ಬಿಗಿ. ಅದಕ್ಕೆ ಮತ್ತಷ್ಟು ದೀರ್ಘ ಉಸಿರು! ಕೆಸರಿನಲ್ಲಿ ಸಿಕ್ಕ ಚಕ್ಕಡಿಯನ್ನು ಎತ್ತು ಹೊಡೆದು ಹೊಡೆದು ಇನ್ನೂ ಆಳಕ್ಕೆ ಇಳಿಸಿದಂತೆ ನಾನು ನನ್ನ ಎದೆಯನ್ನು ಇಳಿಸುತ್ತ ಹೋದೆ.

"ನೀವು ಸುಮ್ಮನ ಕುಂತಾಗ ಅಷ್ಟ ದಮ್ಮು ಇರಂಗಿಲ್ರಿ. ಎಳದು ಎಳದು ಉಸಿರು ತೊಗೊಂಡ ಮ್ಯಾಲ ಎದ್ಯಾಗ ಬೆಕ್ಕಿನಮರಿ ಒದರಿದಂಗ ಒದರತೈತಿ" ಎಂದಳು ಶಾಂತಾ.

"ಅದು ಕಲ್ಮಶ."

"ಕಲ್ಮಶಕ್ಕ ಬೆಕ್ಕಿನ ದನಿ ಇರತೈತೇನು?"

ಗುಗ್ಗಳದ ದಿನ ಬಂತು. ಮುಂಜಾನೆ ಅಣ್ಣನ ಮನೆಯಲ್ಲಿ ನನಗೆ ಅಪ್ಪನ ವೇಷ ತೊಡಿಸಿದರು. ಕೆಂಪು ಕಾಸೆ, ತಲೆಗೆ ರುಮಾಲು, ಸೊಂಟಕ್ಕೆ ಗೆಜ್ಜೆ, ಎದೆಗೆ ವೀರಭದ್ರನ ಹಿತ್ತಾಳೆಯ ಮುಖ. ಅಪ್ಪನ ಎದೆ ಅಗಲ, ನನ್ನದು ಚಪ್ಪಟೆ. ಮುಖ ಜೋತುಬೀಳುತ್ತದೆ ಎಂದು ಅಣ್ಣ ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಪಟ್ಟಿಯನ್ನು ಬಿಗಿದ. ಶಾಂತಾ ಬಂದು ದಮ್ಮು ಬಂದಾಗಿನ ಪಂಪನ್ನು ಮುಂದೆ ಹಿಡಿದಳು.

"ಇದನ್ನ ಎಲ್ಲೆರ ಸಿಗಿಸಿಕೊಳ್ರಿ."

ನನಗೆ ರೇಗಿತು. "ವೀರಭದ್ರ ದಕ್ಷನ ಮ್ಯಾಲ ಹೋಗೂ ಮುಂದ ಪಂಪು ಹಿಡಕೊಂಡು ಹೋಗಿದ್ನೇನ?"

"ಅವಗ ದಮ್ಮು ಇರಲಿಲ್ರಿ!"

ಸುತ್ತಲಿನವರು ನಕ್ಕರು. ನಾನು ಕತ್ತಿ ಎತ್ತಿಕೊಂಡು ಗಂಭೀರವಾಗಿ ಹೊರಗೆ ನಡೆದೆ. ಅವಳು ಪಂಪನ್ನು ತನ್ನ ಎಲೆಯಡಿಕೆ ಸಂಚಿಗೆ ತುರುಕಿಕೊಂಡು, ಆರತಿ ಹಿಡಿದ ಹೆಂಗಸರ ಹಿಂದೆ ಹೋಗಿ ನಿಂತಳು.

ಊರ ಅಗಸಿ ಬಾಗಿಲ ಹತ್ತಿರ ಜನ ನೆರೆದಿದ್ದರು. ನೀಲಾ ಗುಗ್ಗಳದ ಕೊಡ ಹಿಡಿದಿದ್ದಳು. ಅಪ್ಪನ ಗೆಳೆಯ ವೀರಪ್ಪ ಕಾಕಾ ಲೋಬಾನದ ಚೀಲ ಹಿಡಿದು ಕೊಡದ ಪಕ್ಕದಲ್ಲಿದ್ದರು. ಸಮ್ಮಾಳ ಮೊಳಗಿತು. "ಆಹಾ ರುದ್ರಾ! ಆಹಾ ದೇವಾ!" ಎಂದು ಜನ ಕೂಗಿದರು. ನನಗೆ ಅಪ್ಪ ಎಲ್ಲೋ ಗುಂಪಿನ ಹಿಂದೆ ನಿಂತು ನೋಡುತ್ತಿದ್ದಾನೆ ಅನ್ನಿಸಿ ಕಣ್ಣು ತುಂಬಿ ಬಂತು. ಹೊಟ್ಟೆಯಿಂದ, ಗುರೂಜಿ ಹೇಳಿದ ಹಾಗೆಯೇ, ನನ್ನ ಜೀವಮಾನದ ಅತಿ ದೊಡ್ಡ ಉಸಿರನ್ನು ಎಳೆದುಕೊಂಡೆ. ಲೋಬಾನದ ಹೊಗೆಯೂ ಧಾರಾಳವಾಗಿ ಜೊತೆಗೆ ಬಂತು.

ಉಸಿರು ಒಳಗೆ ಹೋಯಿತು. ಹೊರಗೆ ಬರಲಿಲ್ಲ!

ಮೂರು ಸಾಲು ಹೇಗೋ ಹೇಳಿದೆ. ನಾಲ್ಕನೆಯದು ಸೀಟಿಯಾಗಿ ಬಂತು. ಐದನೆಯದು ಬರಲೇ ಇಲ್ಲ. ಬಾಯಿ ತೆರೆದೇ ಇತ್ತು, ಭುಜಗಳು ಕಿವಿಗೆ ಏರಿದವು, ಕಣ್ಣುಗುಡ್ಡೆ ಹೊರಗೆ ಬಂತು, ಕೈಯ ಕತ್ತಿ ಗಡಗಡ ನಡುಗಿತು. ಹಿತ್ತಾಳೆಯ ವೀರಭದ್ರ ನನ್ನ ಎದೆಯ ಮೇಲೆ ಕುಳಿತು ಮೊಣಕಾಲಿನಿಂದ ಒತ್ತುತ್ತಿದ್ದ.

ವೀರಪ್ಪ ಕಾಕಾ ನನ್ನ ಮುಖ ನೋಡಿದರು. ಅವರ ಮುಖ ಬೆಳಗಿತು.

"ಬಂದಾನ್ರೋ! ಮಲ್ಲೇಶಿ ಮೈಯಾಗ ವೀರಭದ್ರ ತಂದಿ ಬಂದಾನ! ಸಮ್ಮಾಳ ಜೋರು ಮಾಡ್ರಿ! ಲೋಬಾನ ಹಾಕ್ರಿ!"

ಹಾಕಿದರು. ಅವರೇ ಹಿಡಿತುಂಬ ಹಾಕಿದರು. ಇನ್ನೊಬ್ಬ ಪುಣ್ಯಾತ್ಮ ಮೊರ ತಂದು ಹೊಗೆಯನ್ನು ನನ್ನ ಮುಖಕ್ಕೇ ಬೀಸಿದ. ನಾನು ಬೇಡ ಬೇಡ ಎಂದು ಕೈ ಆಡಿಸಿದೆ. ದೇವರು ಆಶೀರ್ವಾದ ಮಾಡುತ್ತಿದ್ದಾನೆ ಎಂದು ಜನ ಸಾಲಾಗಿ ತಲೆ ಬಗ್ಗಿಸಿದರು. ನಿಲ್ಲಲಾಗದೆ ಮೊಣಕಾಲ ಮೇಲೆ ಕೈಯೂರಿ ಬಾಗಿದೆ. ದೇವರಿಗೆ ಆಸನ ಬೇಕಂತೆ! ಕಂಬಳಿ ಹಾಸಿ ಕೂರಿಸಿದರು. ಕೊನೆಗೆ ನಾನು ಬೆರಳು ಮಡಚಿ ಬಾಯಿಯ ಹತ್ತಿರ ತಂದು, ಒತ್ತಿ ಒತ್ತಿ ತೋರಿಸಿದೆ. ಪಂಪು ಕೊಡ್ರೋ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ಮನುಷ್ಯನೂ ಹೇಳಲಾರ. ಆದರೆ ನಾನು ಆಗ ಮನುಷ್ಯನಾಗಿರಲಿಲ್ಲವಲ್ಲ.

"ಹಾಲು ಕೇಳಾಕತ್ತಾನ!" ಎಂದರು ಕಾಕಾ.

ತಂಬಿಗೆ ಹಾಲು ಬಂತು. ಉಸಿರೇ ಹಿಡಿಸದ ಗಂಟಲಿಗೆ ಹಾಲು ಹೊಯ್ದರು. ಅದು ಮೂಗಿನಿಂದ ಹೊರಬಂತು. ಜನ ಅದನ್ನು ತೀರ್ಥವೆಂದು ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಷ್ಟರಲ್ಲಿ ಅಣ್ಣ ಬಂದು ನನ್ನ ಕಾಲಿನ ಮೇಲೆ ಬಿದ್ದ. ಹುಟ್ಟಿದಾಗಿನಿಂದ ನನ್ನ ಕಿವಿ ಹಿಂಡಿಕೊಂಡು ಬಂದ ಮನುಷ್ಯ! ಕಾಲು ಬಿಗಿಯಾಗಿ ಹಿಡಿದು ಅಳತೊಡಗಿದ.

"ಯಾಕ ಸಿಟ್ಟಾಗೀ ತಂದಿ? ನನಗ ಗೊತ್ತೈತಿ. ಅಪ್ಪ ಹಾಸಿಗಿ ಹಿಡದಾಗ, ಮಲ್ಲ್ಯಾನ್ನ ಕರೀ, ಒಮ್ಮೆ ಅವನ ಬಾಯಿಲೆ ಒಡಪು ಕೇಳ್ತೀನಿ ಅಂದಿದ್ದ. ಅವಗ ದಮ್ಮು, ಎಲ್ಲಿ ಹೇಳ್ತಾನ ಅಂತ ನಾನ ಕರೀಲಿಲ್ಲ. ಕುಂತು ಮೆಲ್ಲಕ ಹೇಳಿದ್ರೂ ಸಾಕು ಅಂದ ಅಪ್ಪ. ಆದ್ರೂ ಕರೀಲಿಲ್ಲ. ತಪ್ಪಾತು ನಮ್ಮಪ್ಪಾ, ನನ್ನ ಮಗಳ ಮದಿವ್ಯಾಗ ಆ ಸಿಟ್ಟು ತೀರಿಸಬ್ಯಾಡ!"

ಇದನ್ನು ನಾನು ಕೇಳಿದೆ. ಕಿವಿಯಲ್ಲಿ ಸಮ್ಮಾಳ, ಮೂಗಿನಲ್ಲಿ ಹಾಲು, ಎದೆಯಲ್ಲಿ ಕಲ್ಲು. ಆದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಗಿರಣಿಗೂ ಅಣ್ಣನ ಮನೆಗೂ ನಡುವೆ ಇರುವುದು ಎರಡೇ ಓಣಿ. ಅಪ್ಪ ಕೇಳಿದ್ದ. ನನ್ನ ಒಡಪನ್ನು ಕೇಳಬೇಕು ಅಂದಿದ್ದ. ನನಗೆ ಅಳು ಬಂತು, ಆದರೆ ಅಳುವುದಕ್ಕೂ ಉಸಿರು ಬೇಕು. ಅಲ್ಲೇ ಸಾಯುತ್ತೇನೆ ಎಂದು ಖಾತ್ರಿಯಾಯಿತು.

ಆಗ ಗುಂಪಿನ ಹಿಂದಿನಿಂದ ಆರತಿ ತಟ್ಟೆ ನೆಲಕ್ಕೆ ಬಿದ್ದ ಸದ್ದು.

"ಸರೀರಿ! ಸರೀರಿ ಅಂದ್ನೆಪಾ!"

"ಶಾಂತವ್ವಾ, ನಿಲ್ಲು. ಮೈಯಾಗ ದೇವರಿದ್ದಾಗ ಹೆಣ್ಮಕ್ಕಳು ಮುಟ್ಟಬಾರದು" ಎಂದು ವೀರಪ್ಪ ಕಾಕಾ ಅಡ್ಡ ಬಂದರು.

"ಕಾಕಾರ, ದೇವರು ಬಂದಿಲ್ರಿ, ದಮ್ಮು ಬಂದೈತಿ! ಇನ್ನೊಂದು ಹಿಡಿ ಲೋಬಾನ ಹಾಕಿದ್ರ ಇವರೇ ದೇವರ ಹಂತ್ಯಾಕ ಹೋಗ್ತಾರ!"

ಅವಳು ಕಾಕಾರನ್ನು ದಬ್ಬಿದಳು, ಭಾವನನ್ನು ನನ್ನ ಕಾಲಿನಿಂದ ಕಿತ್ತಳು. ನನ್ನ ಕತ್ತಿಯಿಂದಲೇ ಎದೆಯ ಪಟ್ಟಿ ಕೊಯ್ದು, ಸಂಚಿಯಿಂದ ಪಂಪು ತೆಗೆದು ಬಾಯಿಗಿಟ್ಟಳು. ಮೊದಲ ಸಲ ಒತ್ತಿದಾಗ ಅಡಿಕೆ ಚೂರು ಬಂತು. ಅದನ್ನು ಉಗುಳಿಸಿ ಮತ್ತೆ ಒತ್ತಿದಳು. ಮತ್ತೆ, ಮತ್ತೆ. "ಮೆಲ್ಲಕ. ಎಳೀಬ್ಯಾಡ್ರಿ. ಮೆಲ್ಲಕ" ಎನ್ನುತ್ತ ಬೆನ್ನಿಗೆ ಕೈ ಇಟ್ಟುಕೊಂಡು ಕುಳಿತಳು. ಒಂದು ತೆಳ್ಳನೆಯ ಗಾಳಿಯ ಎಳೆ ಹೊರಗೆ ಹೋಯಿತು. ನಾನು ಬದುಕಿದೆ.

ಯಾರದೋ ಗಾಡಿಯಲ್ಲಿ ಕುಂದಗೋಳದ ದವಾಖಾನೆಗೆ ಒಯ್ದು ಮುಖಕ್ಕೆ ಔಷಧಿಯ ಹಬೆ ಹಿಡಿದರು. ನೀಲಾಳ ಗುಗ್ಗಳ ಒಡಪಿಲ್ಲದೆ, ಬರೀ ಸಮ್ಮಾಳದ ಮೇಲೆ ಗುಡಿ ಮುಟ್ಟಿತು.

ಮದುವೆ ಮುಗಿದ ಮೇಲೆ ಶಾಂತಾ ನನ್ನನ್ನು ಹುಬ್ಬಳ್ಳಿಯ ಎದೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಹೆಣ್ಣುಮಗಳು. ಒಂದು ಕೊಳವೆ ಕೊಟ್ಟು, ಪೂರ್ತಿ ಉಸಿರು ಎಳೆದು ಜೋರಾಗಿ ಊದಲು ಹೇಳಿದರು. ಊದಿದೆ. ಇನ್ನೊಮ್ಮೆ ಎಂದರು. ಇನ್ನೂ ಹುರುಪಿನಿಂದ ಊದಿದೆ. ಮತ್ತೊಮ್ಮೆ ಊದಿ, ಶಾಲೆಯಲ್ಲಿ ಲೆಕ್ಕ ಬಿಡಿಸಿದ ಹುಡುಗನಂತೆ ಅವರ ಮುಖ ನೋಡಿದೆ.

"ಅಂಕಿ ಒಂದಕ್ಕಿಂತ ಒಂದು ಕಡಿಮಿ ಬಂದಾವ್ರಿ" ಎಂದರು ಅವರು.

"ಶಕ್ತಿ ಹಾಕಿ ಊದೇನ್ರಿ!"

"ಅದಕ್ಕ ಕಡಿಮಿ ಆಗ್ಯಾವು. ನೋಡ್ರಿ, ಉಸಿರಿನ ನಾಳದ ಸುತ್ತ ಸಣ್ಣ ಸ್ನಾಯು ಇರತಾವು. ಬ್ಯಾರೇದವರು ದೊಡ್ಡ ಉಸಿರು ಎಳದ್ರ ಅವು ಜಗ್ಗಿ ಸಡಲ ಆಗತಾವು, ನಾಳ ಅಗಲ ಆಗತೈತಿ. ದಮ್ಮು ಇದ್ದವರಿಗೆ ಅವು ಹಂಗ ಸಡಲ ಆಗಂಗಿಲ್ಲ. ಕೆಲವರಿಗೆ ಮತ್ತಷ್ಟು ಬಿಗಿತಾವು. ನಿಮ್ಮದು ಆ ಪೈಕಿ."

"ಗುರೂಜಿ ಹೇಳಿದ್ದು ಸುಳ್ಳೇನ್ರಿ ಹಂಗಾದ್ರ?"

"ಅವರ ಎದಿಗೆ ಖರೇ ಇದ್ದೀತು. ನಿಮ್ಮ ಎದಿಗೆ ಅಲ್ಲ. ಮೆಲ್ಲಕ, ಮೂಗಿಲೆ ಉಸಿರಾಡೂದು ರೂಢಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದು ಪಂಪಿನ ಬದಲಿ ಅಲ್ಲ. ಪಂಪು ಯಾಕ ಬಿಟ್ರಿ?"

ನಾನು ಮೇಲೆ ಫ್ಯಾನು ನೋಡಿದೆ. ಶಾಂತಾ ನನ್ನನ್ನು ನೋಡಿದಳು. ಊರ ಮಂದಿಗೆಲ್ಲ ಹಿಗ್ಗಲು ಗೊತ್ತಿರುವ ನಾಳ ನನ್ನೊಬ್ಬನಿಗೇ ಉಲ್ಟಾ ಕೆಲಸ ಮಾಡಬೇಕೆ? ನಮ್ಮ ಮನೆತನದ ಮೊಂಡುತನ ಅಲ್ಲಿಯವರೆಗೂ ಇಳಿದಿದೆ ಎಂದು ನನಗೆ ತಿಳಿದಿರಲಿಲ್ಲ.

"ಮತ್ತ ಒಡಪು ಹೇಳಬಹುದೇನ್ರಿ?" ಎಂದು ಕೊನೆಗೆ ಕೇಳಿದೆ.

"ದಿನಾ ಪಂಪು ತೊಗೋರಿ. ಹೊಗಿ, ಖಾರದ ಧೂಳಿನಿಂದ ದೂರ ಇರ್ರಿ. ಕುಂತು ಮೆಲ್ಲಕ ಹೇಳ್ರಿ, ಏನೂ ಆಗಂಗಿಲ್ಲ."

ಅಪ್ಪ ಕೇಳಿದ್ದೂ ಅಷ್ಟೇ. ನಾನು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತೆ. ಈ ಸಲ ಅಳುವಷ್ಟು ಉಸಿರಿತ್ತು.

ಊರಿಗೆ ಬಂದ ಮೇಲೆ ಅಣ್ಣ ಗಿರಣಿಗೆ ಬಂದ. ಜೋಳದ ಚೀಲ ಇಳಿಸಿದ, ಬೆಲ್ಟು ಸರಿಯಿದೆಯೇ ಎಂದು ಕೇಳಿದ, ಬಾಗಿಲ ತನಕ ಹೋಗಿ ತಿರುಗಿ ಬಂದ.

"ಮಲ್ಲ್ಯಾ, ಅವತ್ತ ನಾನು ನಿನ್ನ ಕಾಲು ಹಿಡದಾಗ ಏನೇನೋ ಮಾತಾಡಿದೆ. ನಿನಗ ಏನರ ಕೇಳಿಸ್ತೇನ?"

ಅವನ ಮುಖ ಸಣ್ಣದಾಗಿತ್ತು. ನಾನು ಮಶೀನಿಗೆ ಜೋಳ ಸುರಿದೆ.

"ಇಲ್ಲಣ್ಣಾ. ನೀ ಹೇಳಿದ್ದು ದೇವರಿಗೆ. ನನಗ ಹೆಂಗ ಕೇಳಸ್ತೈತಿ?"

ಅವನು ನಿಟ್ಟುಸಿರು ಬಿಟ್ಟ. ಉದ್ದನೆಯ, ಧಾರಾಳವಾದ ನಿಟ್ಟುಸಿರು. ಅಂಥದ್ದು ನನಗೆ ಎಂದೂ ಸಾಧ್ಯವಾಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುದ್ದಿ ಊರೂರಿಗೆ ಹಬ್ಬಿತ್ತು. ಶಾಂತಾ ದಮ್ಮು ಎಂದು ಕೂಗಿದ್ದು ಯಾರಿಗೂ ನೆನಪಿಲ್ಲ. ಗುಡಗೇರಿಯ ಗುಗ್ಗಳದಲ್ಲಿ ಮೂಗಿನಿಂದ ಹಾಲು ಹರಿದದ್ದು ಎಲ್ಲರಿಗೂ ನೆನಪಿದೆ. ಅಪ್ಪ ಜೀವನವಿಡೀ ಗಂಟಲು ಹರಿದುಕೊಂಡು ಒಡಪು ಹೇಳಿದ, ಅವನ ಕಾಲಿಗೆ ಯಾರೂ ಹೀಗೆ ಬಿದ್ದಿರಲಿಲ್ಲ. ನನ್ನ ಬಾಯಿ ಕಟ್ಟಿದ್ದಕ್ಕೆ ಊರಿಗೆ ಊರೇ ಬಿದ್ದಿತ್ತು.

ಹೋದ ವಾರ ಕಲಘಟಗಿ ಕಡೆಯಿಂದ ಇಬ್ಬರು ಹಿರಿಯರು ಹಣ್ಣು ಕಾಯಿ ಹಿಡಿದು ಮನೆಗೆ ಬಂದರು. ಮಗನ ಮದುವೆಯಂತೆ, ಗುಗ್ಗಳಕ್ಕೆ ನಾನು ಬರಲೇಬೇಕಂತೆ. ನನ್ನ ಎದೆ ಉಬ್ಬಿತು, ಸಹಜವಾಗಿ, ಸ್ವಲ್ಪವೇ.

"ಆದ್ರ ನಾನು ಒಡಪನ್ನ ಕುಂತು, ಮೆಲ್ಲಕ ಹೇಳಬೇಕಾಗತೈತ್ರಿ" ಎಂದೆ.

ಅವರು ಮುಖ ಮುಖ ನೋಡಿಕೊಂಡರು. "ಒಡಪಿಗೆ ಶಲವಡಿಯವರಿಗೆ ಹೇಳೇವ್ರಿ. ಅದರ ತ್ರಾಸು ನಿಮಗ್ಯಾಕ? ನೀವು ಬರೇ ಬಂದು, ಅವತ್ತ ಎಳದಂಗ ಒಂದು ದೊಡ್ಡ ಉಸಿರು ಎಳದ್ರ ಸಾಕ್ರಿ. ಹಾಲು ನಾವ ತರ್ತೀವಿ."

ಸುಳ್ಳೇಕೆ ಹೇಳಲಿ, ನನಗೆ ಒಂದು ಗಳಿಗೆ ಆಸೆಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಶಾಂತಾ ಚಹಾ ತಂದಿಟ್ಟು, "ಬರ್ತಾರ ಬಿಡ್ರಿ. ಆದ್ರ ಪಂಪು ತೊಗೊಂಡ ಬರ್ತಾರ. ಈಗ ದಿನಾ ತೊಗೋತಾರ, ದಮ್ಮು ಬರಂಗಿಲ್ಲ. ಸುಮ್ಮನ ಒಂದ ಕಡೆ ಕುಂತಿರ್ತಾರ. ನಡೀತೈತೇನ್ರಿ?" ಎಂದಳು.

ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು, "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಹಣ್ಣು ಕಾಯಿ ಎತ್ತಿಕೊಂಡು ಎದ್ದರು. ಸರಾಗವಾಗಿ ಉಸಿರಾಡುವ ಗಿರಣಿಯವರು ಅವರ ಊರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.